ಮುಚ್ಚಳದ ಕೆಳಗಿನ ಕಾರ್ಬುರೇಟರ್

ಗ್ಯಾರೇಜಿಗೆ ಬೀಗ ಹಾಕಿ ಎರಡು ವರ್ಷವಾಯಿತು. ಈಗಲೂ ಬೆಳಗ್ಗೆ ಹಲ್ಲುಜ್ಜುವಾಗ ಒಮ್ಮೆ ಉಗುರಿನ ಸಂದಿ ನೋಡಿಕೊಳ್ಳುತ್ತೇನೆ. ನಲವತ್ತು ವರ್ಷ ಸೀಮೆಎಣ್ಣೆಗೂ ಸೋಪಿನ ಪುಡಿಗೂ ಬಗ್ಗದಿದ್ದ ಕಪ್ಪು ತಾನಾಗಿಯೇ ಹೋಗಿಬಿಟ್ಟಿದೆ. ಹೆಂಡತಿ ಇದ್ದಿದ್ದರೆ ಸಂತೋಷಪಡುತ್ತಿದ್ದಳು. ಆ ಕೈಯಲ್ಲೇ ಊಟಕ್ಕೆ ಕೂರುತ್ತೇನೆಂದು ಜೀವಮಾನವೆಲ್ಲ ಗೊಣಗಿದವಳು ಅವಳು. ಅವಳು ಹೋಗಿ ಆರು ವರ್ಷ. ಈಗ ಈ ಚೊಕ್ಕ ಕೈ ನೋಡುವುದಕ್ಕೆ ಮನೆಯಲ್ಲಿ ನಾನೊಬ್ಬನೇ ಇದ್ದೇನೆ.

ಹೋದ ತಿಂಗಳು ಅರಸೀಕೆರೆಯ ಒಂದು ಐಟಿಐನವರು ಬಂದು, ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗರ ಮುಂದೆ ನಾಲ್ಕು ಮಾತಾಡಿ ಎಂದು ಕರೆದುಕೊಂಡು ಹೋದರು. ನಾನು ಏನೇನೋ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನವನೊಬ್ಬ ಎದ್ದು, ಸಾರ್, ಇಷ್ಟೆಲ್ಲ ಗಾಡಿ ಬಿಚ್ಚಿದ್ದೀರಲ್ಲ, ಯಾವ ಕಂಪನಿಯದು ಬೆಸ್ಟ್ ಎಂದು ಕೇಳಿದ. ಸ್ಟಾರ್ಟ್ ಆಗುವ ಗಾಡಿ ಎಂದು ಹೇಳಿ ಎಲ್ಲರನ್ನೂ ನಗಿಸಿ ತಪ್ಪಿಸಿಕೊಂಡೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅವನು ಮನಸ್ಸಿಟ್ಟು ಕೇಳಿದ್ದ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಬಡ್ತಿಯ ಕಥೆ ಹುಡುಕಬೇಡಿ. ಮೆಕ್ಯಾನಿಕ್ಕಿಗೆ ಬಡ್ತಿ ಇಲ್ಲ. ಕುಕ್ಕರಗಾಲಿನಲ್ಲಿ ಕೂತು ಮಾಡುತ್ತಿದ್ದವನು ಬೆನ್ನು ಹಿಡಿದುಕೊಂಡ ಮೇಲೆ ಸ್ಟೂಲಿನ ಮೇಲೆ ಕೂತು ಮಾಡುತ್ತಾನೆ, ಅಷ್ಟೇ.

ಕಂಪನಿಗಳ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನಾಳೆ ಮನೆ ಮುಂದೆ ಜಗಳಕ್ಕೆ ಜನ ಬರುತ್ತಾರೆ. ಬಂದರೆ ಈ ವಯಸ್ಸಿನಲ್ಲಿ ಅದೂ ಒಂದು ಸಂತೋಷವೇ, ಆದರೂ ಬೇಡ. ನಮ್ಮ ಕಾಲಕ್ಕೆ ಅರಸೀಕೆರೆ ಸೀಮೆಯಲ್ಲಿ ಲೆಕ್ಕಕ್ಕಿದ್ದ ಮೋಟರ್ ಸೈಕಲ್ಲುಗಳು ಎರಡೇ ಜಾತಿ. ಒಂದಕ್ಕೆ ಎರಡೂ ಬದಿಗೆ ಹೊಗೆ ಕೊಳವೆ, ಅದನ್ನು ಜೋಡಿ ಎನ್ನುತ್ತಿದ್ದೆವು. ಇನ್ನೊಂದು ದಪ್ಪ ಗಾಡಿ, ಬೀದಿಯ ತುದಿಗೆ ಬಂದರೆ ಮನೆಯೊಳಗಿನ ಪಾತ್ರೆ ಅದುರುತ್ತಿದ್ದವು. ಅದು ಡಬಡಬಿ. ನಾನು ಜೋಡಿಯ ಮೆಕ್ಯಾನಿಕ್. ಜೋಡಿ ಬಿಟ್ಟು ಬೇರೆ ಗಾಡಿ ಮುಟ್ಟಿದವನಲ್ಲ.

ಮುಟ್ಟಿದವನಲ್ಲ ಎಂದರೆ ನಿಮಗೆ ಹುಚ್ಚು ಎನ್ನಿಸಬಹುದು. ನನಗೆ ಕೆಲಸ ಕಲಿಸಿದ ಗುರುಗಳ ಶಿಸ್ತು ಅದು. ಜೋಡಿಯ ನಟ್ಟುಗಳಿಗೆ ಮಿಲಿಮೀಟರ್ ಸ್ಪ್ಯಾನರ್, ಡಬಡಬಿಯ ನಟ್ಟುಗಳಿಗೆ ಇಂಚಿನ ಸ್ಪ್ಯಾನರ್. ಒಮ್ಮೆ ಯಾರೋ ಮರೆತು ಬಿಟ್ಟುಹೋದ ಇಂಚಿನ ಸ್ಪ್ಯಾನರೊಂದು ನಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿತು. ಗುರುಗಳು ಅದನ್ನು ಎರಡು ಬೆರಳಿನಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹೊರಗಿಟ್ಟರು. ಗಾಡಿಯ ರೋಗ ಕಂಡುಹಿಡಿಯುವುದನ್ನೂ ಅವರೇ ಕಲಿಸಿದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿಕೊಳ್ಳಬೇಕು. ಬೇರಿಂಗ್ ಹೋಗಿದ್ದರೆ ಒಂದು ಶಬ್ದ, ಪಿಸ್ಟನ್ ಪಿನ್ ಸಡಿಲವಾಗಿದ್ದರೆ ಇನ್ನೊಂದು. ಈಗ ನೀವು ಒಂದು ವೈರು ಚುಚ್ಚುತ್ತೀರಿ, ಪರದೆಯ ಮೇಲೆ ನಂಬರು ಬರುತ್ತದೆ. ನಂಬರು ಸುಳ್ಳಲ್ಲ. ಆದರೂ ಕಣ್ಣು ಮುಚ್ಚಿ ಇನ್ನೊಬ್ಬರ ಗಾಡಿಯೊಳಗಿನ ಮಾತು ಕೇಳುವ ಸುಖ ನಿಮಗೆ ಸಿಗಲಿಲ್ಲವಲ್ಲ ಎಂದು ನನಗೆ ಬೇಸರವಿದೆ.

ಗುರುಗಳ ನಂತರ ಸಂತೆ ಮೈದಾನದ ಹಿಂದಿನ ರಸ್ತೆಯಲ್ಲಿ ನನ್ನದೇ ಗ್ಯಾರೇಜು ಹಾಕಿದೆ. ಸರಿಯಾಗಿ ಎದುರಿಗೆ ಖಲೀಲರ ಗ್ಯಾರೇಜು. ಅವರು ಡಬಡಬಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಮಧ್ಯೆ ಹದಿನೆಂಟು ಅಡಿ ರಸ್ತೆ. ಒಂದು ಡಬಡಬಿ ನನ್ನ ಅಂಗಡಿಯ ಮುಂದೆಯೇ ಕೆಟ್ಟು ನಿಂತರೂ ಅದರ ಯಜಮಾನ ನನ್ನ ಕಡೆ ತಿರುಗದೆ, ಬೆವರು ಸುರಿಸುತ್ತಾ ಎದುರಿಗೆ ತಳ್ಳಿಕೊಂಡು ಹೋಗುತ್ತಿದ್ದ. ನಮ್ಮವರೂ ಕಡಿಮೆಯಿರಲಿಲ್ಲ. ಆ ರಸ್ತೆಗೆಲ್ಲ ಇದ್ದದ್ದು ಒಂದೇ ಟೀ ಅಂಗಡಿ, ಅದು ಖಲೀಲರ ಗೋಡೆಗೆ ಅಂಟಿಕೊಂಡಿತ್ತು. ಅದರ ಬೆಂಚಿನ ಮೇಲೆ ಡಬಡಬಿಯವರು ಕೂರುತ್ತಿದ್ದರು. ಹಾಗಾಗಿ ನಮ್ಮವರು ಹದಿನೆಂಟು ಅಡಿ ದಾಟದೆ, ಎರಡು ಫರ್ಲಾಂಗು ನಡೆದು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ಬರುತ್ತಿದ್ದರು. ನಾನೂ ಹಾಗೆಯೇ. ಮಳೆ ಬಂದರೆ ಟೀ ಇಲ್ಲ.

ಯಾರೂ ಹೊಡೆದಾಡಲಿಲ್ಲ, ಅದನ್ನೂ ಹೇಳಬೇಕು. ಬರೀ ಬಾಯಿ. ಜೋಡಿಯಲ್ಲಿ ಗೇರು ಎಡಗಾಲಿಗೆ, ಡಬಡಬಿಯಲ್ಲಿ ಬಲಗಾಲಿಗೆ. ಕೊಬ್ಬರಿ ವ್ಯಾಪಾರದ ಮನೆಯ ಮದುಮಗನೊಬ್ಬ ಹುಟ್ಟಿನಿಂದ ಜೋಡಿಯ ಮನೆಯವನು. ಮಾವ ಕೊಟ್ಟ ಡಬಡಬಿ ಹತ್ತಿ, ಬ್ರೇಕ್ ಎಂದು ಗೇರು ಒತ್ತಿ, ಮಾರ್ಕೆಟ್ಟಿನ ಕೊಬ್ಬರಿ ರಾಶಿಯೊಳಗೆ ಮುಳುಗಿದ. ನಮ್ಮ ಕಡೆಯವರು ಅದನ್ನು ಒಂದು ವರ್ಷ ಹೇಳಿಕೊಂಡು ನಕ್ಕರು. ಜೋಡಿಯ ಹೊಗೆಗೆ ಸೊಳ್ಳೆ ಸಾಯುತ್ತವೆ, ಮುನ್ಸಿಪಾಲಿಟಿಯವರು ಬಾಡಿಗೆಗೆ ತಗೊಳ್ಳಲಿ ಎಂದು ಆ ಕಡೆಯವರು ಇನ್ನೂ ಜಾಸ್ತಿ ವರ್ಷ ನಕ್ಕರು.

ಈ ಬಾಯಿ ಜಗಳದಲ್ಲಿ ನಮ್ಮ ಕಡೆಯ ಹುಲಿ ಎಂದರೆ ಮಾದಿಹಳ್ಳಿಯ ಚಂದ್ರಣ್ಣ. ಅಲ್ಲಿನ ಹಾಲಿನ ಡೇರಿಯ ಕಾರ್ಯದರ್ಶಿ, ನನಗಿಂತ ಐದು ವರ್ಷ ದೊಡ್ಡವರು. ತಿಂಗಳಿಗೊಂದು ಭಾನುವಾರ ಬೆಳಗಿನ ಹಾಲು ಅಳೆಸಿ, ಕೆಂಪು ಜೋಡಿ ಹತ್ತಿ ನನ್ನಲ್ಲಿಗೆ ಬರುತ್ತಿದ್ದರು. ಗಾಡಿಗೆ ಕೆಲಸವಿರಲಿ ಬಿಡಲಿ, ಬರುವುದು ಬರುವುದೇ. ಸ್ಟೂಲು ಹಾಕಿಕೊಂಡು ರಸ್ತೆಗೆ ಮುಖ ಮಾಡಿ ಕೂತು, ಎದುರಿನವರಿಗೆ ಕೇಳುವ ಹಾಗೆ ಡಬಡಬಿಯನ್ನು ಬಯ್ಯುವುದು ಅವರ ತಿಂಗಳ ರಜೆ. ಖಲೀಲರು ತಲೆ ಎತ್ತದೆ ಕೆಲಸ ಮಾಡಿಕೊಳ್ಳುತ್ತಿದ್ದರು.

ನನಗೆ ಚಂದ್ರಣ್ಣ ಹತ್ತಿರವಾದದ್ದು ನನ್ನದೇ ಒಂದು ತಪ್ಪಿನಿಂದ. ಚೈನಿನ ಎರಡು ತುದಿ ಸೇರಿಸುವ ಕೊಂಡಿಗೆ ಒಂದು ಸಣ್ಣ ಕ್ಲಿಪ್ ಇರುತ್ತದೆ. ಅದರ ಬಾಯಿ ಚೈನು ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ. ಒಂದು ದಿನ ಮಾತಿನ ಭರದಲ್ಲಿ ಅವರ ಗಾಡಿಗೆ ಅದನ್ನು ತಿರುಗಾಮುರುಗ ಹಾಕಿ ಕಳಿಸಿದೆ. ಹಾರನಹಳ್ಳಿಯಲ್ಲಿ ಯಾರನ್ನೋ ನೋಡಲು ಹೋಗಿದ್ದರು, ಊರು ಇನ್ನೂ ಮುಂದಿರುವಾಗಲೇ ಚೈನು ಕಳಚಿಬಿತ್ತು. ಗಾಡಿ ತಳ್ಳಿಕೊಂಡು ಅರಸೀಕೆರೆಗೆ ವಾಪಸ್ಸು ಬಂದರು. ಎದುರಿನ ಬೆಂಚಿನ ಮೇಲೆ ಐದಾರು ಜನ ಡಬಡಬಿಯವರು ಕೂತಿದ್ದಾರೆ. ಏನು ಚಂದ್ರಣ್ಣ, ಗಾಡಿ ನಿಮ್ಮನ್ನ ಕರ್ಕೊಂಡು ಬತ್ತೈತೋ, ನೀವು ಗಾಡೀನೋ ಎಂದು ಒಬ್ಬ ಕೇಳಿದ. ಡಾಕ್ಟರು ನಡೀರಿ ಅಂದವ್ರೆ, ಒಬ್ಬನೇ ನಡೆಯೋಕೆ ಬೇಜಾರು, ಅದಕ್ಕೆ ಗಾಡೀನೂ ಕರ್ಕೊಂಡು ಬಂದೆ ಎಂದು ಹೇಳಿ ಒಳಗೆ ಬಂದರು. ಬಂದು, ರಸ್ತೆಯಲ್ಲಿ ಹುಡುಕಿ ತಂದ ಕ್ಲಿಪ್ಪನ್ನು ನನ್ನ ಅಂಗೈಯಲ್ಲಿಟ್ಟರು. ಒಂದು ಮಾತು ಬಯ್ಯಲಿಲ್ಲ. ಅದು ನನ್ನ ತಪ್ಪು ಎಂದು ಆಮೇಲೂ ಯಾರಿಗೂ ಹೇಳಲಿಲ್ಲ. ಜೋಡಿಯ ಮಾನ, ಜೋಡಿಯ ಮೆಕ್ಯಾನಿಕ್ಕಿನ ಮಾನ ಎರಡೂ ಅವರಿಗೆ ಒಂದೇ ಆಗಿತ್ತು.

ಆಮೇಲೆ ಜೋಡಿಯ ಕಂಪನಿ ಬಾಗಿಲು ಹಾಕಿತು. ಕೆಲವು ವರ್ಷ ಅಂಗಡಿಗಳಲ್ಲಿ ಉಳಿದಿದ್ದ ಸಾಮಾನಿನಲ್ಲಿ ನಡೆಯಿತು, ಆಮೇಲೆ ಅದೂ ಮುಗಿಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ರಾಜಣ್ಣ, ತಪ್ಪು ತಿಳಿಯಬೇಡಿ, ಗಾಡಿ ಕೊಟ್ಟುಬಿಟ್ಟೆ ಎಂದು ಸಾವಿನ ಸುದ್ದಿಯ ಹಾಗೆ ಹೇಳಿಹೋಗುತ್ತಿದ್ದರು. ಕೆಲವರು ಹೇಳದೆಯೇ ಬರುವುದನ್ನು ನಿಲ್ಲಿಸಿದರು. ರಸ್ತೆಯ ಆ ಬದಿಯಲ್ಲಿ ಗಾಡಿಗಳ ಸಾಲು, ಈ ಬದಿಯಲ್ಲಿ ಸ್ಟೂಲಿನ ಮೇಲೆ ನಾನು. ಬೇರೆ ಕಂಪನಿಯ ಗಾಡಿ ಹಿಡಿ ಎಂದು ಹೆಂಡತಿ ಎಷ್ಟು ಸಲ ಹೇಳಿದಳೋ. ಜಂಬದಿಂದ ಹಿಡಿಯಲಿಲ್ಲ, ಅದನ್ನು ನಿಷ್ಠೆ ಎಂದು ಕರೆದುಕೊಂಡೆ. ನೀರೆತ್ತುವ ಡೀಸೆಲ್ ಪಂಪುಗಳನ್ನು ರಿಪೇರಿ ಮಾಡಿ ದಿನ ದೂಡಿದೆ. ಪಂಪು ಗಾಡಿಯಲ್ಲವಲ್ಲ, ಆದ್ದರಿಂದ ವ್ರತಭಂಗವಾಗಲಿಲ್ಲ.

ಚಂದ್ರಣ್ಣ ಮಾತ್ರ ಗಾಡಿ ಕೊಡಲಿಲ್ಲ. ತಿಂಗಳಿಗೊಮ್ಮೆ ಕೆಂಪು ಜೋಡಿಯ ಶಬ್ದ ಮೂಲೆಯಲ್ಲಿ ಕೇಳಿದರೆ ನನಗೆ ಎದೆ ತುಂಬಿ ಬರುತ್ತಿತ್ತು. ಹೀಗಿರುವಾಗ ಅವರ ಗಾಡಿಯ ಕಾರ್ಬುರೇಟರ್ ಕೈಕೊಟ್ಟಿತು. ಈಗಿನ ಗಾಡಿಗಳಲ್ಲಿ ಅದು ಇಲ್ಲ, ಆದ್ದರಿಂದ ಹೇಳುತ್ತೇನೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣ್ಣಿಸುವ ಮುಷ್ಟಿಗಾತ್ರದ ಸಾಮಾನು. ಅದರ ಒಳಗೋಡೆ ಸವೆದು ಗಾಳಿ ಎಳೆಯುತ್ತಿತ್ತು, ಬುಡವೂ ಬಿರುಕು ಬಿಟ್ಟಿತ್ತು. ಬೆಸೆದೆ, ಸವೆದ ಗೋಡೆಗೆ ಒಳಕೊಳವೆ ಕೂರಿಸಿದೆ, ಒಂದು ತಿಂಗಳು ಕುಸ್ತಿ ಮಾಡಿದೆ. ಬೆಂಗಳೂರಿನ ಗುಜರಿ ಬೀದಿಗಳನ್ನೂ ಸುತ್ತಿ ಬಂದೆ. ಎಲ್ಲೂ ಇಲ್ಲ.

ಗಾಡಿ ಬಿಟ್ಟುಹೋಗುವಾಗ ಚಂದ್ರಣ್ಣ ಹೇಳಿದ್ದರು. "ಇದು ನಿಂತ್ರೆ ನಾನು ಇನ್ನೊಂದು ಹತ್ತಲ್ಲ ಕಣೋ ರಾಜು. ಅವತ್ತಿಗೆ ನನ್ನ ಓಡಾಟ ಮುಗೀತು."

ಸುಮ್ಮನೆ ಹೇಳುವವರಲ್ಲ. ಮುಗಿಯುತ್ತಿದ್ದದ್ದು ಅವರ ಓಡಾಟವಷ್ಟೇ ಅಲ್ಲ. ನನ್ನ ಬಾಗಿಲಿಗೆ ಬರುವ ಕೊನೆಯ ಮನುಷ್ಯ ನಿಂತುಹೋಗುತ್ತಿದ್ದ. ಸತ್ಯ ಹೇಳುತ್ತೇನೆ, ನಾನು ಹೆಚ್ಚು ಹೆದರಿದ್ದು ಅದಕ್ಕೆ.

ಒಂದು ಮಧ್ಯಾಹ್ನ, ಎದುರಿನ ಬೆಂಚು ಖಾಲಿಯಿದ್ದಾಗ, ನಾನು ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಖಲೀಲರ ಗ್ಯಾರೇಜಿನ ಹಿಂಬಾಗಿಲಿಗೆ ಹೋದೆ. ಎದುರಿನಿಂದ ರಸ್ತೆ ದಾಟುವ ಧೈರ್ಯವಿರಲಿಲ್ಲ. ಅವರು ಬುತ್ತಿ ಮುಚ್ಚಿಟ್ಟು ಕೈ ತೊಳೆಯುತ್ತಿದ್ದರು. ಇಪ್ಪತ್ತು ವರ್ಷ ಎದುರುಬದುರು ಇದ್ದವರು, ಅಷ್ಟು ಹತ್ತಿರದಿಂದ ಒಬ್ಬರ ಮುಖ ಇನ್ನೊಬ್ಬರು ನೋಡಿದ್ದು ಆಗಲೇ. ವಿಷಯ ಹೇಳಿದೆ. ಡಬಡಬಿಯ ಕಾರ್ಬುರೇಟರ್ ಸ್ವಲ್ಪ ದೊಡ್ಡದು, ಆದರೆ ಒಂದು ಅಲ್ಯೂಮಿನಿಯಂ ತುಂಡು ಮಧ್ಯೆ ಕೊಟ್ಟರೆ ಜೋಡಿಗೆ ಕೂರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೂ ಬಾಯಿಬಿಟ್ಟು ಹೇಳುವ ಮಾತಾಗಿರಲಿಲ್ಲ.

ಯಾರ ಗಾಡಿಗೆ ಎಂದು ಕೇಳಿದರು. ಹೇಳಿದೆ. ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. ಒಳಗೆ ಹೋಗಿ ಒಂದು ಒಳ್ಳೆಯ ಕಾರ್ಬುರೇಟರ್ ತಂದು, ಪೆಟ್ರೋಲಿನಲ್ಲಿ ತೊಳೆದು, ಊದಿ, ಕಾಗದದಲ್ಲಿ ಸುತ್ತಿ ಕೊಟ್ಟರು.

"ಪೆಟ್ರೋಲ್ ಬಿಡೋ ಜೆಟ್ ಒಂದು ನಂಬರ್ ಕಮ್ಮಿ ಹಾಕಿ ರಾಜಣ್ಣ, ಇಲ್ಲಾಂದ್ರೆ ನಿಮ್ಮ ಗಾಡಿಗೆ ಜಾಸ್ತಿ ಕುಡಿಸುತ್ತೆ. ಅವರು ಇಷ್ಟು ವರ್ಷದಿಂದ ಬಯ್ಯೋದು ಕೇಳಿ ನನಗೂ ಅಭ್ಯಾಸ ಆಗೋಗಿದೆ. ನಿಂತೋದ್ರೆ ಭಾನುವಾರ ಭಾನುವಾರದ ಹಾಗೆ ಇರಲ್ಲ."

ಬಾಗಿಲವರೆಗೆ ಬಂದು, ಅವರಿಗೆ ಹೇಳುತ್ತೀರಿ ತಾನೆ ಎಂದು ಕೇಳಿದರು. ಹೇಳುತ್ತೇನೆ ಎಂದೆ.

ಜೋಡಿಯ ಕಾರ್ಬುರೇಟರಿನ ಮೇಲೆ ತಗಡಿನ ಒಂದು ಮುಚ್ಚಳ ಇರುತ್ತದೆ. ಒಳಗಿರುವುದು ಹೊರಗೆ ಕಾಣುವುದಿಲ್ಲ. ದೊಡ್ಡದು ಹಿಡಿಸಲಿಲ್ಲವೆಂದು ಮುಚ್ಚಳದ ಒಳಅಂಚನ್ನು ಅರದಲ್ಲಿ ಉಜ್ಜಿ ತೆಳುವಾಗಿಸಿ ಕೂರಿಸಿದೆ. ಹೊರಗಿನ ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಅಷ್ಟು ಚೊಕ್ಕಟವಾದ ಕೆಲಸ ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ.

ಚಂದ್ರಣ್ಣ ಬಂದು ಕಿಕ್ ಹೊಡೆದರು. ಒಂದೇ ಏಟಿಗೆ ಹತ್ತಿತು. ಒಂದು ಸುತ್ತು ಹೋಗಿ ಬಂದಾಗ ಮುಖ ಅರಳಿತ್ತು. ಹೊಸದರಲ್ಲೂ ಹೀಗೆ ಓಡಿರಲಿಲ್ಲ, ಏನು ಮಾಡಿದೆ ಎಂದರು. ಹೇಳಬೇಕಾದ ಗಳಿಗೆ ಅದು. ನಾನು ಬಾಯಿ ತೆರೆಯುವ ಮುಂಚೆ ಅವರು ರಸ್ತೆಗೆ ತಿರುಗಿ ಶುರುಮಾಡಿದರು. ಕಂಪನಿ ಹೋದರೂ ಗಾಡಿ ಹೋಗಿಲ್ಲ, ಕಿವಿ ಇದ್ದವರು ಕೇಳಿಕೊಳ್ಳಿ, ಶಬ್ದ ಎಂದರೆ ಇದು, ಡಬಡಬಿ ಇನ್ನೊಂದು ಜನ್ಮ ಎತ್ತಿ ಬರಬೇಕು. ಎದುರಿಗೆ ಖಲೀಲರು ಒಂದು ಚಕ್ರದ ಕಡ್ಡಿ ಬಿಗಿಯುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮತ್ತೆ ಕಡ್ಡಿ ಬಿಗಿದರು.

ಹೀಗೆ ಹತ್ತು ವರ್ಷ. ವರ್ಷಕ್ಕೊಮ್ಮೆ ಅದರ ಸೂಜಿಯೋ ವಾಷರ್ರೋ ಬೇಕಾದರೆ ನಾನು ಹಿಂದಿನ ಗಲ್ಲಿಗೆ ಹೋಗುತ್ತಿದ್ದೆ. ಅವರು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು, ನಾನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬರುತ್ತಿದ್ದೆ. ಕೂತು ಎರಡು ಮಾತಾಡಲಿಲ್ಲ. ಮನೆ ಎಲ್ಲಿ, ಮಕ್ಕಳೆಷ್ಟು ಎಂದು ಕೇಳಲಿಲ್ಲ. ನನ್ನ ಹೆಂಡತಿ ತೀರಿಕೊಂಡಾಗ ಅವರು ಗ್ಯಾರೇಜಿನ ಬಾಗಿಲು ಅರ್ಧ ಎಳೆದು ಮೂರು ದಿನ ಸುತ್ತಿಗೆ ಹಿಡಿಯಲಿಲ್ಲ. ಅದನ್ನು ನಾನು ನೋಡಿದೆ, ಆದರೂ ಎದ್ದು ಹೋಗಿ ಒಂದು ಮಾತು ಹೇಳಲಿಲ್ಲ. ಎರಡು ವರ್ಷದ ಮೇಲೆ ಅವರೇ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಮಣ್ಣಿಗೆ ಹೋದವರಲ್ಲಿ ನಾನೂ ಇದ್ದೆ, ಚಂದ್ರಣ್ಣನೂ ಇದ್ದರು. ವಾಪಸ್ಸು ಬರುವಾಗ ಚಂದ್ರಣ್ಣ, ಒಳ್ಳೇ ಮನುಷ್ಯ, ಹಿಡಿದ ಕಂಪನಿ ಒಂದು ತಪ್ಪು ಎಂದರು. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹತ್ತು ವರ್ಷದಲ್ಲಿ ಹೇಳಲು ನೂರು ಭಾನುವಾರ ಸಿಕ್ಕಿದ್ದವು. ಮೊದಲ ಭಾನುವಾರ ಹೇಳದೆ ಇದ್ದದ್ದು ಎರಡನೆಯ ಭಾನುವಾರಕ್ಕೆ ಇನ್ನೂ ಭಾರವಾಗುತ್ತದೆ. ನನ್ನಿಂದ ಕಲಿಯುವುದಿದ್ದರೆ ಇದನ್ನು ಕಲಿಯಿರಿ.

ಮರುವರ್ಷ ಹಳೇಬೀಡಿನಲ್ಲಿ ಹಳೆಯ ಜೋಡಿಗಳನ್ನು ಇಟ್ಟುಕೊಂಡವರೆಲ್ಲ ಒಂದು ಭಾನುವಾರ ಸೇರುತ್ತಾರೆಂದು ಸುದ್ದಿ ಬಂತು. ಬೇಲೂರು ನೋಡಿಕೊಂಡು ಬೆಂಗಳೂರಿನಿಂದ, ಮೈಸೂರಿನಿಂದ ಬರುವ ಹುಡುಗರು. ಚಂದ್ರಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು. ನಾನು ಬಸ್ಸಿನಲ್ಲಿ ಹೋದೆ. ದೇವಸ್ಥಾನದ ಆಚೆ ಕೆರೆಯ ಕಡೆ ಮೂವತ್ತು ನಲವತ್ತು ಜೋಡಿಗಳು ಸಾಲಾಗಿ ನಿಂತಿದ್ದವು. ಅಷ್ಟು ಜೋಡಿಗಳನ್ನು ಒಟ್ಟಿಗೆ ನೋಡಿ ಎಷ್ಟು ವರ್ಷವಾಗಿತ್ತೋ, ನನ್ನ ಕಣ್ಣು ಒದ್ದೆಯಾದವು. ಹುಡುಗರು ಚಂದ್ರಣ್ಣನ ಗಾಡಿಯ ಸುತ್ತ ಮುತ್ತಿಕೊಂಡರು. ಮೊದಲಿನ ಬಣ್ಣ, ಮೊದಲಿನ ಸೀಟು, ಮೊದಲಿನ ಯಜಮಾನ. ಫೋಟೋ ಹೊಡೆದರು. ಇದರಲ್ಲಿ ಎಲ್ಲಾ ಕಂಪನೀದೇ, ಒಂದು ಸ್ಕ್ರೂ ಬೇರೆ ಇಲ್ಲ ಎಂದು ಚಂದ್ರಣ್ಣ ಹೇಳುತ್ತಿದ್ದರು. ನನ್ನನ್ನು ಮುಂದೆ ಎಳೆದು, ಕಾಪಾಡಿದವನು ಇವನು ಎಂದು ತೋರಿಸಿದರು.

ಕನ್ನಡಕದ ಒಬ್ಬ ಹುಡುಗ ಬಗ್ಗಿ ಕಿವಿಗೊಟ್ಟು ಕೇಳಿ, ನಿಂತಲ್ಲೇ ಐಡಲಿಂಗ್ ಇಷ್ಟು ನಿಧಾನಕ್ಕೆ ಹೇಗೆ ಓಡುತ್ತೆ ಅಂಕಲ್ ಎಂದು ಇಂಜಿನ್ ಆರಿಸಿ ಮುಚ್ಚಳ ಬಿಚ್ಚಿದ. ಕೆಟ್ಟ ಮನಸ್ಸಿನಿಂದಲ್ಲ, ತಿಳಿದವನ ಆಸೆಯಿಂದ. ನೋಡಿದವನೇ, ಅಂಕಲ್, ಇದು ಡಬಡಬಿದು ಅಲ್ವಾ ಎಂದ. ಸುತ್ತ ಇದ್ದವರು ಬಗ್ಗಿದರು. ಇರಲಿ ಬಿಡಿ, ಎಷ್ಟೋ ಜನ ಹಾಕಿಕೊಳ್ತಾರೆ, ಚೆನ್ನಾಗೇ ಇರುತ್ತೆ ಎಂದು ಇನ್ನೊಬ್ಬ ಸಮಾಧಾನ ಹೇಳಿದ. ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ.

ಚಂದ್ರಣ್ಣ ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ನನ್ನ ಕಡೆ ನೋಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಲೂ ಇಲ್ಲ. ಸ್ಟ್ಯಾಂಡ್ ತೆಗೆದು ಮಾದಿಹಳ್ಳಿಯ ಕಡೆಗೆ ತಳ್ಳಿಕೊಂಡು ಹೊರಟರು. ಎಪ್ಪತ್ತರ ಹತ್ತಿರದ ಮನುಷ್ಯ, ಬಿಸಿಲು ನೆತ್ತಿಗೆ ಬಂದಿತ್ತು. ನಾನು ಹಿಂದೆ ಹೋದೆ. ತಳ್ಳಲು ಕೈ ಹಾಕಿದರೆ ನಿಂತುಬಿಡುತ್ತಿದ್ದರು, ತೆಗೆದರೆ ನಡೆಯುತ್ತಿದ್ದರು. ಅರ್ಧ ದಾರಿಯಾದ ಮೇಲೆ ಒಂದು ಮರದಡಿ ನಿಂತು, ಎಷ್ಟು ವರ್ಷ ಎಂದು ಕೇಳಿದರು. ಹನ್ನೊಂದು ಎಂದೆ. ಯಾರು ಕೊಟ್ಟದ್ದು ಎಂದರು. ಖಲೀಲರು ಎಂದೆ. ಪಂಚೆಯ ತುದಿಯಲ್ಲಿ ಮುಖದ ಬೆವರು ಒರೆಸಿಕೊಂಡರು.

"ಅವತ್ತು ಚೈನು ಬಿದ್ದಾಗ ನಾನು ಊರಿಗೆಲ್ಲಾ ಹೇಳ್ಲಿಲ್ಲ ಕಣೋ. ನೀನು ನನಗೊಬ್ಬನಿಗೆ ಹೇಳ್ಬೋದಿತ್ತು."

ಅಷ್ಟೇ. ನಾನು ಅಲ್ಲೇ ನಿಂತೆ. ಅವರು ಗಾಡಿ ತಳ್ಳಿಕೊಂಡು ಹೋದರು.

ಆಮೇಲೆ ಭಾನುವಾರಗಳು ಬಂದವು, ಚಂದ್ರಣ್ಣ ಬರಲಿಲ್ಲ. ಗಾಡಿಯನ್ನು ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದಾರೆ, ಎಲ್ಲಿಗೆ ಹೋಗುವುದಿದ್ದರೂ ಬಸ್ಸು ಎಂದು ಆ ಕಡೆಯವರು ಹೇಳಿದರು. ಫೋನ್ ಮಾಡಿದರೆ ಎತ್ತಲಿಲ್ಲ. ನಾಲ್ಕು ತಿಂಗಳು ಸ್ಟೂಲಿನ ಮೇಲೆ ಕೂತು ಎದುರಿನ ಖಲೀಲರ ಮುಚ್ಚಿದ ಷಟರ್ ನೋಡಿದೆ. ಆಮೇಲೆ ನಾನೂ ಬೀಗ ಹಾಕಿದೆ. ಮಗಳು ತಿಪಟೂರಿನಿಂದ ಬಂದು, ಅಂತೂ ವಿಶ್ರಾಂತಿ ತಗೊಂಡ್ಯಲ್ಲಪ್ಪ ಎಂದು ಸಂತೋಷಪಟ್ಟಳು. ವಿಶ್ರಾಂತಿ ಎಂಬುದು ಏನೆಂದು ಅವಳಿಗೆ ಹೇಳಲಿಲ್ಲ. ಇಡೀ ದಿನ ಯಾರೂ ನಿನ್ನ ಹೆಸರು ಕರೆಯದೆ ಇರುವುದು ವಿಶ್ರಾಂತಿ. ಸಂಜೆ ಅಂಗಡಿಯಲ್ಲಿ ಬ್ರೆಡ್ ಕೇಳುವಾಗ, ಇವತ್ತು ಆಡಿದ ಮೊದಲ ಮಾತು ಇದು ಎಂದು ಹೊಳೆಯುವುದು ವಿಶ್ರಾಂತಿ.

ಉಳಿದ ಕೆಲಸ ಒಂದೇ, ಜೋಡಿಯ ನಿಜವಾದ ಕಾರ್ಬುರೇಟರ್ ಹುಡುಕುವುದು. ಎರಡು ವರ್ಷ ಬೇಲೂರಿನ ಗುಜರಿಗಳಲ್ಲಿ, ಹಳೆಯ ಗಿರಾಕಿಗಳ ಹಿತ್ತಲುಗಳಲ್ಲಿ ಹುಡುಕಿದೆ. ಐಟಿಐ ಹುಡುಗ ಪ್ರಶ್ನೆ ಕೇಳಿದ ಮರುವಾರ ಬಿಕ್ಕೋಡಿನಿಂದ ಫೋನ್ ಬಂತು. ಅಲ್ಲಿನ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಹಳೆಯ ಜೋಡಿಯೊಂದು ಬಿದ್ದಿದೆಯಂತೆ. ಹೋದೆ. ಕೋಳಿಗಳು ಅದರ ಹ್ಯಾಂಡಲಿನ ಮೇಲೆ ಮಲಗಿ ಮಲಗಿ ಗಾಡಿ ಬೆಳ್ಳಗಾಗಿತ್ತು. ಮುಚ್ಚಳ ಬಿಚ್ಚಿದರೆ, ಒಳಗೆ ಕಾರ್ಬುರೇಟರ್ ಹೊಚ್ಚಹೊಸದರಂತೆ ಇತ್ತು. ಯಾರೋ ಪುಣ್ಯಾತ್ಮ ನಿಲ್ಲಿಸುವ ಮುಂಚೆ ಗ್ರೀಸ್ ಬಳಿದಿದ್ದ. ತೋಟದವರ ಔಷಧಿ ಹೊಡೆಯುವ ಮೆಷೀನು ಕೆಟ್ಟಿತ್ತು. ಅದನ್ನು ರಿಪೇರಿ ಮಾಡಿಕೊಟ್ಟು, ಕಾರ್ಬುರೇಟರನ್ನು ಚೀಲದಲ್ಲಿಟ್ಟುಕೊಂಡು ಮರುದಿನವೇ ಮಾದಿಹಳ್ಳಿಯ ಬಸ್ಸು ಹತ್ತಿದೆ.

ಬಾಗಿಲು ತೆರೆದದ್ದು ಚಂದ್ರಣ್ಣನ ಹೆಂಡತಿ. ಬನ್ನಿ ರಾಜಣ್ಣ, ಎಷ್ಟು ದಿನ ಆಯಿತು ಎಂದು ಏನೂ ನಡೆದೇ ಇಲ್ಲವೆಂಬಂತೆ ಕರೆದರು. ಚಂದ್ರಣ್ಣ ಜಗುಲಿಯಲ್ಲಿದ್ದರು, ಸೊರಗಿದ್ದರು. ನಾನು ಏನೂ ಹೇಳದೆ ಕಾಗದ ಬಿಚ್ಚಿ ಸಾಮಾನನ್ನು ಅವರ ಮುಂದಿಟ್ಟೆ. ಅವರು ಅದರ ಮೇಲಿನ ಕಂಪನಿಯ ಅಚ್ಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಹಾಕು ಎಂದು ತಲೆಯಾಡಿಸಿದರು.

ಟಾರ್ಪಾಲು ಸರಿಸಿ ಖಲೀಲರದ್ದನ್ನು ಬಿಚ್ಚಿ ಚೀಲಕ್ಕೆ ಹಾಕಿದೆ. ಕಂಪನಿಯದನ್ನು ಕೂರಿಸಿದೆ, ಹೊಸ ಪೆಟ್ರೋಲು ಬಿಟ್ಟೆ, ಮುಚ್ಚಳ ಹಾಕಿದೆ. ನನ್ನ ಮಂಡಿಗೆ ಈಗ ಕಿಕ್ಕು ಹಿಡಿಸುವುದಿಲ್ಲ, ನಾಲ್ಕನೆಯ ಏಟಿಗೆ ಹತ್ತಿತು. ಅಂಗಳದ ತುಂಬ ಹಳೆಯ ಹೊಗೆ. ಟಣ್ ಟಣ್ ಎಂದು ನಡುನಡುವೆ ಒಂದು ಏಟು ಬಿಟ್ಟುಬಿಟ್ಟು ಬಡಿಯುವ, ಕಾರ್ಖಾನೆಯಿಂದ ಬಂದ ದಿನದ ಶಬ್ದ. ನನ್ನ ಇಡೀ ಯೌವನ ಅದರಲ್ಲಿತ್ತು. ಚಂದ್ರಣ್ಣ ಎದ್ದು ಬಂದು, ತಲೆ ವಾಲಿಸಿ ನಿಂತು ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಇದಲ್ಲ," ಎಂದರು.

ಇದೇ ಚಂದ್ರಣ್ಣ, ಕಂಪನೀದೇ, ನೋಡಿದಿರಲ್ಲ ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಕ್ಸಿಲರೇಟರ್ ತಾವೇ ತಿರುಗಿಸಿ ನೋಡಿದರು. ಆಮೇಲೆ ಬೀಗದ ಕೈ ತಿರುಗಿಸಿ ಗಾಡಿ ಆರಿಸಿದರು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವ ಸದ್ದು ಕೇಳಿಸಿತು.

"ಇದು ನನ್ನ ಗಾಡಿ ಶಬ್ದ ಅಲ್ಲ ಕಣೋ ರಾಜು. ಖಲೀಲನದ್ದೇ ಹಾಕು."

ನಾನು ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ. ಮುಚ್ಚಳ ಎತ್ತಿಕೊಂಡಾಗ ಚಂದ್ರಣ್ಣ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಳಗಡೆ ನಾನು ಅರದಲ್ಲಿ ಉಜ್ಜಿದ ಅಂಚನ್ನು ಬೆರಳಿನಿಂದ ಸವರಿದರು. ಕೆಲಸ ಚೆನ್ನಾಗಿ ಮಾಡಿದ್ದೀಯ ಎಂದು ಹೇಳಿ ಮುಚ್ಚಳವನ್ನು ಜಗುಲಿಯ ಗೂಡಿನಲ್ಲಿಟ್ಟರು.

ಮುಂದಿನ ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಫೋನ್ ಬಂತು. ಗ್ಯಾರೇಜ್ ಹತ್ತಿರ ಬಾ ಎಂದಷ್ಟೇ ಹೇಳಿ ಚಂದ್ರಣ್ಣ ಇಟ್ಟರು. ಹೋಗಿ ನನ್ನ ಬೀಗದ ಮುಂದೆ ನಿಂತೆ. ಕೆಂಪು ಜೋಡಿ ನನ್ನ ಬದಿಗೆ ಇರಲಿಲ್ಲ. ಎದುರಿಗೆ, ಖಲೀಲರ ಷಟರಿನ ಮುಂದೆ ನಿಂತಿತ್ತು, ಮುಚ್ಚಳವಿಲ್ಲದೆ, ಕಾರ್ಬುರೇಟರ್ ಬಿಸಿಲಿಗೆ ಹೊಳೆಯುತ್ತಿತ್ತು. ಚಂದ್ರಣ್ಣ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನನ್ನ ಕಡೆ ಕೈ ಬೀಸಿದರು. ನಾನು ರಸ್ತೆ ದಾಟಿದೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಆ ಬೀದಿಯಲ್ಲಿ ದುಡಿದು, ಎದುರಿನಿಂದ ದಾಟಿದ್ದು ಅದೇ ಮೊದಲು. ಹದಿನೆಂಟು ಅಡಿ, ಎಣಿಸಿದರೆ ಎಂಟು ಹೆಜ್ಜೆ.

ಟೀ ಬಂತು. ಬಸ್ ಸ್ಟ್ಯಾಂಡಿನದಕ್ಕಿಂತ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಸಿಟ್ಟು ಬಂತು. ಚಂದ್ರಣ್ಣ ಷಟರಿನ ಕಡೆ ನೋಡುತ್ತಾ ಲೋಟ ಖಾಲಿ ಮಾಡಿದರು.

"ಹತ್ತು ವರ್ಷ ನಾನು ಅವನಿಗೆ ಕೇಳೋ ಹಂಗೆ ಬೈದಿದ್ದೀನಿ. ಒಂದು ಮಾತು ಸಾಕಾಗಿತ್ತು ನನ್ನ ಬಾಯಿ ಮುಚ್ಸೋಕೆ. ಆಡ್ಲಿಲ್ಲ ನೋಡು."

ನಾನೂ ಲೋಟ ಖಾಲಿ ಮಾಡಿದೆ. ಐಟಿಐಯ ಆ ಹುಡುಗ ಅಲ್ಲಿದ್ದಿದ್ದರೆ ಷಟರಿನ ಮುಂದೆ ನಿಂತಿದ್ದ ಗಾಡಿಯನ್ನೇ ತೋರಿಸುತ್ತಿದ್ದೆ. ಟೀ ಅಂಗಡಿಯವರು ಇನ್ನೇನಾದರೂ ಬೇಕಾ ಎಂದು ಕೇಳಿದರು. ಷಟರಿನ ಕಡೆ ಕೈ ತೋರಿಸಿ, ಇನ್ನೊಂದು ಟೀ ಎಂದು ಚಂದ್ರಣ್ಣ ಹೇಳಿದರು. ಅದು ಬಂದಾಗ ಅವರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ನಮ್ಮಿಬ್ಬರ ಮಧ್ಯೆ ಬೆಂಚಿನ ಮೇಲೆ ಅದು ತಣ್ಣಗಾಗುವವರೆಗೆ ಕೂತಿದ್ದು ಎದ್ದು ಬಂದೆವು.